ನೇಜಿ ಕಿತ್ತ ಮೇಲೆ

ಅಕ್ಕನ ಮಗ ಸಭಾಪಾಲಕನಾಗಿ, ಎಂದರೆ ಚರ್ಚಿನ ಪಾದ್ರಿಯಾಗಿ, ಬಯಲುಸೀಮೆಯ ಒಂದು ಸಣ್ಣ ಊರಿಗೆ ಹೋಗಿ ಏಳು ತಿಂಗಳಾಯಿತು. ಮೊದಲ ತಿಂಗಳು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಎರಡನೆಯ ತಿಂಗಳು ವಾರಕ್ಕೊಮ್ಮೆ. ಆಮೇಲೆ ನಾವೇ ಮಾಡಬೇಕಾಯಿತು. ‘ಹೇಗಿದ್ದೀಯೋ?’ ಎಂದು ಕೇಳಿದರೆ ‘ದೇವರ ಕೃಪೆಯಿಂದ ಚೆನ್ನಾಗಿದ್ದೇನೆ ಚಿಕ್ಕಮ್ಮ’ ಎನ್ನುತ್ತಾನೆ. ಸಭಾಪಾಲಕರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ವಾಕ್ಯ ಹೊಸದಲ್ಲ. ಅಪ್ಪ ತೀರಾ ಸೋತುಹೋದ ದಿನಗಳಲ್ಲೇ ಅದು ಅವರ ಬಾಯಿಂದ ಅತ್ಯಂತ ಚೊಕ್ಕವಾಗಿ ಹೊರಡುತ್ತಿತ್ತು.

ಹುಡುಗನ ದೀಕ್ಷೆಯ ದಿನ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ನಮ್ಮ ದಕ್ಷಿಣ ಭಾರತ ಸಭೆಯ ಕ್ರಮದಲ್ಲಿ ಬಿಷಪರು ಮಂಡಿಯೂರಿದವನ ತಲೆಯ ಮೇಲೆ ಕೈಯಿಡುವಾಗ ಅಲ್ಲಿರುವ ಸಭಾಪಾಲಕರೆಲ್ಲ ಸುತ್ತ ನೆರೆದು ತಾವೂ ಕೈಯಿಡುತ್ತಾರೆ. ತಲೆ ಕಾಣಿಸುವುದೇ ಇಲ್ಲ, ಬರೀ ಬಿಳಿ ತೋಳುಗಳು. ಅಭ್ಯಾಸಬಲದಿಂದ ಎಣಿಸಿದೆ, ಬಿಷಪರೂ ಸೇರಿ ಹದಿನೇಳು ಮಂದಿ. ಆಮೇಲೆ ಊಟ, ಹಾರ, ಫೋಟೊ. ಒಂದು ವರ್ಷ ಹಿರಿಯರೊಬ್ಬರ ಕೈಕೆಳಗೆ ಡೀಕನ್ ಆಗಿದ್ದವನು ಮರುವಾರವೇ ಎರಡು ಸೂಟ್‌ಕೇಸು, ನಾಲ್ಕು ರಟ್ಟಿನ ಪೆಟ್ಟಿಗೆ ಪುಸ್ತಕ ಹೊತ್ತು ಒಬ್ಬನೇ ಬಸ್ಸು ಹತ್ತಿದ.

ಕನ್ನಡದ ಕ್ಯಾಥೊಲಿಕರು ಇಂಥವರನ್ನು ತಯಾರು ಮಾಡುವ ಜಾಗಕ್ಕೆ ಗುರುಮಠ ಎಂಬ ಚೆಂದದ ಹೆಸರಿಟ್ಟಿದ್ದಾರೆ. ನಾವು ಪ್ರಾಟೆಸ್ಟೆಂಟರು ಸೆಮಿನರಿ ಎಂದೇ ಕರೆದು ಸುಮ್ಮನಾದೆವು. ಆ ಪದದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಚರ್ಚೂ ಅಲ್ಲ, ಶಾಲೆಯೂ ಅಲ್ಲ, ಗದ್ದೆ. ಲ್ಯಾಟಿನ್‌ನ ‘ಸೆಮಿನೇರಿಯಮ್’ ಎಂದರೆ ಬೀಜ ಚೆಲ್ಲಿ ಸಸಿ ಎಬ್ಬಿಸುವ ಮಡಿ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಪ್ರಾಂತದಲ್ಲೂ ಹನ್ನೆರಡು ತುಂಬಿದ ಹುಡುಗರನ್ನು ಸೇರಿಸಿಕೊಂಡು ಗುರುಗಳಾಗಲು ತರಬೇತಿ ಕೊಡಬೇಕೆಂದು ವಿಧಿಸಿದಾಗ, ಅದು ದೇವರ ಸೇವಕರ ನಿರಂತರ ಸಸಿಮಡಿಯಾಗಿರಲಿ ಎಂದಿತು. ನಮ್ಮ ಕರಾವಳಿಯ ಮಾತಿನಲ್ಲಿ, ನೇಜಿಗದ್ದೆ.

ಆ ಮಹಾಸಭೆಯ ಹಿರಿಯರಲ್ಲಿ ಎಷ್ಟು ಮಂದಿ ಕೆಸರಿಗೆ ಇಳಿದಿದ್ದರೋ ಏನೋ. ನನ್ನ ಅಜ್ಜಿ ಇಳಿದಿದ್ದರು. ನೇಜಿಗದ್ದೆಯಲ್ಲಿ ಬೀಜವನ್ನು ಒತ್ತೊತ್ತಾಗಿ ಚೆಲ್ಲುತ್ತಾರೆ. ಸಸಿಗಳು ಒಂದಕ್ಕೊಂದು ಆತುಕೊಂಡು, ಮಳೆ ಹೊಡೆದರೂ ಬೀಳದೆ, ಕಣ್ಣು ಕೋರೈಸುವ ಹಸಿರಿನಲ್ಲಿ ಏಳುತ್ತವೆ. ಮೂರು ಮೂರೂವರೆ ವಾರವಾದ ಮೇಲೆ ಬುಡಕ್ಕೆ ಕೈಹಾಕಿ ಕೀಳುತ್ತಾರೆ. ಅರ್ಧ ಬೇರು ಮಣ್ಣಲ್ಲೇ ಉಳಿಯುತ್ತದೆ. ಕಟ್ಟು ಕಟ್ಟಿ ಒಯ್ದು ಬೇರೆ ಗದ್ದೆಯಲ್ಲಿ ಗೇಣು ಗೇಣು ಅಂತರದಲ್ಲಿ ನೆಡುತ್ತಾರೆ. ಮುಂದಿನ ಒಂದು ವಾರ ಆ ಗದ್ದೆಯನ್ನು ನೋಡಲಾಗದು. ಎಲ್ಲ ಹಳದಿ, ಎಲ್ಲ ಬಾಗಿದ್ದು. ನೆಟ್ಟವರು ಕೂಲಿ ಪಡೆದು ಹೋಗಿರುತ್ತಾರೆ, ಕೊಯ್ಯುವವರು ಬರಲು ಮೂರು ತಿಂಗಳಿದೆ. ಆ ಒಂದು ವಾರ ಮಾತ್ರ ಅಜ್ಜಿ ಬೆಳಿಗ್ಗೆ ಸಂಜೆ ಹುಣಿಯ, ಎಂದರೆ ಗದ್ದೆಯ ಬದುವಿನ, ಮೇಲೆ ನಡೆದು, ನೀರು ಹೆಚ್ಚಾದಲ್ಲಿ ಕಡಿದು, ಕಡಿಮೆಯಾದಲ್ಲಿ ಕಟ್ಟಿ ಬರುತ್ತಿದ್ದರು. ಬೇರು ಹಿಡಿಯಿತು ಎಂದು ಅವರು ಹೇಳುವವರೆಗೆ ಮನೆಯಲ್ಲಿ ಯಾರೂ ಬೇಸಾಯದ ಮಾತು ಎತ್ತುತ್ತಿರಲಿಲ್ಲ.

ನಮ್ಮ ಸಭೆಗಳು ನೇಜಿಗದ್ದೆಯನ್ನು ಚೆನ್ನಾಗಿ ನೋಡಿಕೊಂಡಿವೆ. ಕೊಯ್ಲಿನ ಲೆಕ್ಕವನ್ನೂ ಚೆನ್ನಾಗಿಯೇ ಕೇಳುತ್ತವೆ. ಹುಣಿಯ ಮೇಲೆ ನಡೆಯುವವರು ಯಾರು ಎಂಬುದೇ ನನ್ನ ತಕರಾರು.

ನೇಜಿಗದ್ದೆಯ ಕಥೆ ನಿಜಕ್ಕೂ ಹೆಮ್ಮೆಪಡುವಂಥದ್ದು. ಮಂಗಳೂರಿನ ಬಲ್ಮಠದಲ್ಲಿ, ಹೆಸರಿನಲ್ಲೇ ಮಠವಿರುವ ಗುಡ್ಡದ ಮೇಲೆ, ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲೇ ಸ್ಥಳೀಯ ಸೇವಕರ ತರಬೇತಿಗೆ ತೊಡಗಿದ್ದರು. ಅದರ ಮುಂದಾಳು ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಮೋಗ್ಲಿಂಗ್. ಪಾದ್ರಿಗಳನ್ನು ತಯಾರು ಮಾಡುವ ಹೊಣೆ ಹೊತ್ತ ಮನುಷ್ಯ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸುತ್ತ ಕುಳಿತದ್ದು ನನಗೆ ಈಗಲೂ ಸೋಜಿಗವೇ. ಮತಾಂತರದ ಉದ್ದೇಶ ಅವರಿಗಿತ್ತು. ಅದನ್ನು ಮರೆಮಾಚಿ ಅವರನ್ನು ಬರೀ ಕನ್ನಡಪ್ರೇಮಿಗಳಾಗಿ ಮೆರೆಸುವುದು ನನಗೆ ಒಗ್ಗದು. ಆದರೆ ಜನರ ಎದುರು ಬಾಯಿ ತೆರೆಯುವ ಮುನ್ನ ಅವರ ಬಾಯಲ್ಲಿ ಏನಿದೆ ಎಂದು ಕೇಳಿಸಿಕೊಳ್ಳಬೇಕೆಂಬ ಶಿಸ್ತು ಆ ಗುಡ್ಡದ ಮೇಲಿತ್ತು. ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೇ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿ ಇಲ್ಲಿಯೇ ಪಾಠ ಹೇಳಿದರು. 1965ರಲ್ಲಿ ಈ ಸೆಮಿನರಿ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೊಡನೆ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಯಿತು. ಅದೇ ಮಂಗಳೂರಿನ ಜೆಪ್ಪುವಿನಲ್ಲಿರುವ ಕ್ಯಾಥೊಲಿಕ್ ಗುರುಮಠವನ್ನು 1879ರಲ್ಲಿ ಯೇಸುಸಭೆಯವರು ಸ್ಥಾಪಿಸಿದ್ದು. ಒಂದು ಊರಿನಲ್ಲಿ ಎರಡು ಸಸಿಮಡಿ.

ಅಪ್ಪ ಬಲ್ಮಠದವರು. 1970ರ ದಶಕದ ಆರಂಭದಲ್ಲಿ ಅಲ್ಲಿಂದ ಹೊರಬಿದ್ದರು.

ಈಗ ಸೆಮಿನರಿಗೆ ಹೋಗುವುದೆಂದರೆ ಮೊದಲು ‘ಕರೆ’ಯ ಪರೀಕ್ಷೆ. ಸಭಾಪಾಲಕರ ಶಿಫಾರಸು, ಸಭೆಯ ಹಿರಿಯರ ಒಪ್ಪಿಗೆ, ಸಭಾಪ್ರಾಂತದ ಸಂದರ್ಶನ. ಎಲ್ಲೆಡೆ ಒಂದೇ ಪ್ರಶ್ನೆ: ನಿನಗೆ ದೇವರ ಕರೆ ಬಂದದ್ದು ಹೇಗೆ? ಫೋನ್ ಬಂದದ್ದಕ್ಕೂ ಇದಕ್ಕೂ ಕನ್ನಡದಲ್ಲಿ ಒಂದೇ ಮಾತಾಗಿರುವುದರಿಂದ ನಮ್ಮ ಮನೆಯಲ್ಲಿ ಈ ಕುರಿತು ಸಾಕಷ್ಟು ತಮಾಷೆ ನಡೆದಿದೆ. ಹುಡುಗ ಸಂದರ್ಶನದಲ್ಲಿ, ‘ಅಜ್ಜ ಸತ್ತಾಗ ಮನೆಗೆ ಯಾರ್ಯಾರು ಬಂದರು ಎಂದು ನೋಡಿದೆ, ಅಷ್ಟೇ’ ಎಂದನಂತೆ. ಅದನ್ನು ಕರೆಯೆಂದು ಒಪ್ಪಿದ ಆ ಸಮಿತಿಯ ಬಗ್ಗೆ ನನಗೆ ಗೌರವವಿದೆ.

ಆಮೇಲೆ ನಾಲ್ಕು ವರ್ಷದ ಬಿ.ಡಿ., ಎಂದರೆ ದೈವಶಾಸ್ತ್ರದ ಪದವಿ. ನಮ್ಮ ದೇಶದ ಬಹುಪಾಲು ಪ್ರಾಟೆಸ್ಟೆಂಟ್ ಸೆಮಿನರಿಗಳಿಗೆ ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಕಟ್ಟಿದ ಕಾಲೇಜು ಅದು. 1827ರಲ್ಲಿ ಡೆನ್ಮಾರ್ಕಿನ ರಾಜ ಕೊಟ್ಟ ಸನದಿನ ಬಲದಿಂದ ಇಂದಿಗೂ ದೈವಶಾಸ್ತ್ರದ ಪದವಿ ಕೊಡುತ್ತಿದೆ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭೆಯ ಚರಿತ್ರೆ, ಹೀಬ್ರೂ ಅಥವಾ ಗ್ರೀಕ್, ಇತರ ಧರ್ಮಗಳ ಅಧ್ಯಯನ, ಸಮಾಜ ವಿಶ್ಲೇಷಣೆ, ಸ್ತ್ರೀ ಅಧ್ಯಯನ. ಪಾದ್ರಿಗಳಿಗೆ ಬೈಬಲ್ ಬಿಟ್ಟು ಬೇರೇನೂ ಓದಿಸುವುದಿಲ್ಲ ಎಂದು ಭಾವಿಸಿದವರು ಈ ಪಟ್ಟಿ ನೋಡಬೇಕು.

ಮೊದಲ ವರ್ಷದಲ್ಲೇ ಒಂದು ಭೂಕಂಪ. ಮೋಶೆಯೇ ಬರೆದದ್ದೆಂದು ಸಂಡೇ ಸ್ಕೂಲಿನಲ್ಲಿ ಕಲಿತ ಐದು ಪುಸ್ತಕಗಳನ್ನು ಬೇರೆ ಬೇರೆ ಕಾಲದ, ಬೇರೆ ಬೇರೆ ಕೈಗಳ ಬರಹವೆಂದು ಪ್ರಾಧ್ಯಾಪಕರು ತರಗತಿಯಲ್ಲಿ ಎಳೆ ಎಳೆಯಾಗಿ ಬಿಡಿಸಿಡುತ್ತಾರೆ. ಹುಡುಗ ಆ ರಾತ್ರಿ ಊಟ ಬಿಟ್ಟನಂತೆ. ಅವನ ಕೋಣೆಯ ಜೊತೆಗಾರನೂ ಊಟ ಬಿಟ್ಟಿದ್ದ. ಹನ್ನೊಂದು ಗಂಟೆಗೆ ಇಬ್ಬರಿಗೂ ಹಸಿವಾಗಿ, ಮೇಲಿನ ತರಗತಿಯ ಒಬ್ಬ ಅವರನ್ನು ಗೇಟಿನಾಚೆಯ ಗೂಡಂಗಡಿಗೆ ಕರೆದೊಯ್ದು ಆಮ್ಲೆಟ್ ಕೊಡಿಸಿ, ‘ನನಗೂ ಹೀಗೇ ಆಗಿತ್ತು, ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಪ್ರಾರ್ಥನೆ ವಾಪಸ್ಸು ಬರುತ್ತದೆ’ ಎಂದನಂತೆ. ಸೆಮಿನರಿಯ ನಿಜವಾದ ಪಾಠ ಯಾವುದೆಂದು ಕೇಳಿದರೆ ನಾನು ಆ ಆಮ್ಲೆಟ್ ಎನ್ನುತ್ತೇನೆ. ಅಲ್ಲಿ ಸಂಶಯ ಬಂದರೆ ಪಕ್ಕದ ಮಂಚದಲ್ಲಿ ಇನ್ನೊಬ್ಬ ಸಂಶಯಗ್ರಸ್ತ ಇದ್ದೇ ಇರುತ್ತಾನೆ. ಬೆಳಗಿನ ಗಂಟೆ ಹೊಡೆದಾಗ ಪ್ರಾರ್ಥನೆ ಮಾಡುವ ಮನಸ್ಸಿಲ್ಲದಿದ್ದರೂ ಉಳಿದವರು ಹಾಡುವ ಕೀರ್ತನೆ ನಿಮ್ಮನ್ನು ಹೊತ್ತು ಸಾಗುತ್ತದೆ. ಒತ್ತೊತ್ತಾಗಿ ಚೆಲ್ಲಿದ ಬೀಜದ ಸುಖ ಅದು.

ನನಗೆ ಬಹಳ ಹಿಡಿಸಿದ ಇನ್ನೊಂದು ಸಂಗತಿ ಆಸ್ಪತ್ರೆಯ ತರಬೇತಿ. ಅಮೆರಿಕದ ಆಂಟನ್ ಬಾಯ್ಸನ್ ಎಂಬ ಪಾದ್ರಿ ಸ್ವತಃ ಮನೋರೋಗದಿಂದ ಆಸ್ಪತ್ರೆ ಸೇರಿ ಹೊರಬಂದವನು. ಪುಸ್ತಕ ಓದಿದಂತೆಯೇ ಮನುಷ್ಯರನ್ನೂ ಓದಲು ಕಲಿಯಬೇಕೆಂದು 1925ರಲ್ಲಿ ಸೆಮಿನರಿ ವಿದ್ಯಾರ್ಥಿಗಳನ್ನು ಮನೋರೋಗಿಗಳ ಆಸ್ಪತ್ರೆಗೆ ಕರೆದೊಯ್ದು ಈ ಕ್ರಮ ಆರಂಭಿಸಿದ. ನಮ್ಮಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಕಡೆ ಇದು ನಡೆಯುತ್ತದೆ. ವಿದ್ಯಾರ್ಥಿ ರೋಗಿಯೊಬ್ಬರ ಬಳಿ ಕುಳಿತು ಮಾತನಾಡಿ ಬಂದು, ಆಡಿದ್ದನ್ನು ಆಡಿದ ಹಾಗೆಯೇ ನೆನಪಿನಿಂದ ಬರೆಯಬೇಕು. ಅದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಮರುದಿನ ಗುಂಪಿನ ಎದುರು ಅದನ್ನು ಓದಬೇಕು. ಹುಡುಗ ಹೆಸರುಗಳನ್ನೆಲ್ಲ ಅಳಿಸಿ ಒಂದು ಹಾಳೆಯನ್ನು ನನಗೆ ತೋರಿಸಿದ್ದ:

ರೋಗಿ: ನಾಲ್ಕು ದಿನವಾಯಿತು, ಊಟ ಸೇರುವುದೇ ಇಲ್ಲ.
ನಾನು: ಚಿಂತಿಸಬೇಡಿ, ದೇವರು ಗುಣಪಡಿಸುತ್ತಾನೆ.
ರೋಗಿ: ಹೌದು. (ಗೋಡೆಯ ಕಡೆ ತಿರುಗಿದರು.)
ನಾನು: ಪ್ರಾರ್ಥನೆ ಮಾಡೋಣವೇ?
ರೋಗಿ: ಮಾಡಿ.

ಅಂಚಿನಲ್ಲಿ ತರಬೇತುದಾರರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಅವರು ಊಟದ ಮಾತು ಎತ್ತಿದರು. ನೀನು ದೇವರ ಹಿಂದೆ ಯಾಕೆ ಅಡಗಿಕೊಂಡೆ?’

ಮೂವತ್ತು ವರ್ಷ ಕನ್ನಡ ಪಾಠ ಮಾಡಿ ಸಾವಿರಾರು ಉತ್ತರಪತ್ರಿಕೆ ತಿದ್ದಿದ್ದೇನೆ. ಇಷ್ಟು ಒಳ್ಳೆಯ ತಿದ್ದುಪಡಿಯನ್ನು ನಾನು ಒಮ್ಮೆಯೂ ಬರೆದಿಲ್ಲ.

ಅಪ್ಪನ ಕಾಲದಲ್ಲಿ ಅವರಿಗೆ ಇಂಥ ಆಸ್ಪತ್ರೆ ಸಿಕ್ಕಿರಲಿಲ್ಲ. ಅವರು ಇದನ್ನು ಕಲಿತದ್ದು ಮೊದಲ ಸಭೆಯಲ್ಲಿ. ಅದು ಮಲೆನಾಡಿನ ಒಂದು ಊರು, ಇಪ್ಪತ್ತೆರಡು ಮನೆ. ಹೋಗಿ ಮೂರನೆಯ ವಾರ ಒಂದು ಮಗು ಕೆರೆಗೆ ಬಿದ್ದು ಸತ್ತಿತು. ನಾನಾಗ ಹುಟ್ಟಿರಲಿಲ್ಲ, ಅಮ್ಮ ಹೇಳಿದ್ದು. ಅಪ್ಪ ಬೈಬಲ್ ಹಿಡಿದು ಹೋದರು, ಪುನರುತ್ಥಾನದ ವಾಕ್ಯಗಳನ್ನು ಒಂದೊಂದಾಗಿ ಓದಿ ವಿವರಿಸತೊಡಗಿದರು. ಮಗುವಿನ ಅಜ್ಜಿ ಸ್ವಲ್ಪ ಹೊತ್ತು ಕೇಳಿ, ‘ಅಯ್ಯನವರೇ, ಆ ಪುಸ್ತಕ ಮುಚ್ಚಿ ಇಲ್ಲಿ ಕುಳಿತುಕೊಳ್ಳಿ’ ಎಂದು ಚಾಪೆಯ ಮೇಲೆ ಕೈ ತಟ್ಟಿದರಂತೆ. ಅಪ್ಪ ಕುಳಿತರು, ಬೆಳಗಿನವರೆಗೂ ಒಂದು ಮಾತನ್ನೂ ಆಡಲಿಲ್ಲ. ಮನೆಗೆ ಬಂದು ಎರಡು ದಿನ ಜ್ವರ. ‘ನಾನು ಈ ಕೆಲಸಕ್ಕೆ ಲಾಯಕ್ಕಲ್ಲ’ ಎಂದು ಅಮ್ಮನ ಎದುರು ಅತ್ತರು. ಭಾನುವಾರ ಎದ್ದು ಬಿಳಿ ನಿಲುವಂಗಿ ತೊಟ್ಟು ಪ್ರಸಂಗ, ಎಂದರೆ ಆರಾಧನೆಯ ಉಪದೇಶ, ಮಾಡಿದರು. ಸಭೆಯ ಹಿರಿಯರು ‘ಹೇಗಿದ್ದೀರಿ ಅಯ್ಯನವರೇ?’ ಎಂದು ಕೇಳಿದಾಗ ಏನು ಹೇಳಿದರೆಂದು ನೀವು ಊಹಿಸಬಲ್ಲಿರಿ.

ಊರಿನ ದುಃಖವೆಲ್ಲ ಸಭಾಪಾಲಕರ ಮನೆಯ ಜಗಲಿಗೆ ಬರುತ್ತದೆ. ಅವರ ದುಃಖ ಯಾವ ಜಗಲಿಗೆ ಹೋಗಬೇಕು? ಸಭೆಯವರಿಗೆ ಹೇಳುವಂತಿಲ್ಲ, ಮರುದಿನ ಅದು ಕಮಿಟಿಯ ವಿಷಯವಾಗುತ್ತದೆ. ಮೇಲಿನವರಿಗೆ ಹೇಳುವಂತಿಲ್ಲ, ವರ್ಗಾವಣೆ ಅವರ ಕೈಯಲ್ಲಿದೆ. ಉಳಿದದ್ದು ಹೆಂಡತಿ. ಅಮ್ಮನಿಗೆ ನಾಲ್ಕು ವರ್ಷದ ತರಬೇತಿಯನ್ನು ಯಾರೂ ಕೊಟ್ಟಿರಲಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆದರೂ ಮೂವತ್ನಾಲ್ಕು ವರ್ಷ, ಒಂಬತ್ತು ಊರುಗಳಲ್ಲಿ ಅವರು ಒಬ್ಬ ಮನುಷ್ಯನ ಸಭಾಪಾಲಕಿಯಾಗಿದ್ದರು. ಜೊತೆಗೆ ಕಮಿಟಿಗೆ ಚಹಾ.

ಹಾಗೆಂದು ಅಪ್ಪನಿಗೆ ಹುಣಿಯ ಮೇಲೆ ನಡೆಯುವವರು ಇರಲೇ ಇಲ್ಲವೆಂದಲ್ಲ. ಬಲ್ಮಠದಲ್ಲಿ ಒಟ್ಟಿಗೆ ಓದಿದ ಮೂವರಿದ್ದರು. ಅವರ ಉಪಾಯ ಸುಗ್ಗಿ ಹಬ್ಬ. ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬಕ್ಕೆ ಹೊರಗಿನವರೊಬ್ಬರನ್ನು ಪ್ರಸಂಗಕ್ಕೆ ಕರೆಯುವ ರೂಢಿಯಿದೆ. ಈ ನಾಲ್ವರು ಪ್ರತಿವರ್ಷ ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದರು. ಯಾರಿಗೂ ಸಂಶಯವಿಲ್ಲ, ಖರ್ಚು ಸಭೆಯದ್ದೇ. ಆರಾಧನೆ ಮುಗಿದು, ಕುಂಬಳಕಾಯಿ, ಬಾಳೆಗೊನೆ, ಕೋಳಿಗಳ ಏಲಂ ಮುಗಿದು, ಜನ ಚದುರಿದ ಮೇಲೆ ಇಬ್ಬರೂ ನಿಲುವಂಗಿ ಕಳಚಿ ಬನಿಯನ್ನಿನಲ್ಲಿ ಹಿಂದಿನ ಜಗಲಿಗೆ ಹೋಗಿ ಕೂರುತ್ತಿದ್ದರು. ಮಧ್ಯರಾತ್ರಿಯವರೆಗೂ ಮಾತು. ಒಳಗೆ ಮಲಗಿದ ನನಗೆ ಪದಗಳು ಕೇಳಿಸುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು. ವರ್ಷಕ್ಕೆ ಒಮ್ಮೆ ಮಾತ್ರ ಅಪ್ಪ ಹಾಗೆ ನಗುತ್ತಿದ್ದರು. ಸೆಮಿನರಿ ಅವರಿಗೆ ಕೊಟ್ಟದ್ದರಲ್ಲಿ ಬಹಳ ಕಾಲ ಬಾಳಿದ್ದು ಗ್ರೀಕ್ ವ್ಯಾಕರಣವಲ್ಲ, ಆ ಮೂವರು.

ಅಪ್ಪನ ಕಪಾಟಿನಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್‌ನ ಪುಸ್ತಕಗಳಿದ್ದವು. ಹಿಟ್ಲರನಿಗೆ ಮಣಿಯದ ಸಭೆಯ ಪರವಾಗಿ 1935ರಲ್ಲಿ ಅವನು ಫಿಂಕೆನ್‌ವಾಲ್ಡೆ ಎಂಬಲ್ಲಿ ಒಂದು ಸೆಮಿನರಿ ನಡೆಸಿದ. 1937ರಲ್ಲಿ ಗೆಸ್ಟಾಪೊ ಅದಕ್ಕೆ ಬೀಗ ಹಾಕಿತು. ಎಲ್ಲರೂ ನೆನೆಯುವುದು ಅಲ್ಲಿನ ಧ್ಯಾನವನ್ನು, ಕೂಡುಬಾಳನ್ನು. ನನ್ನ ಕಣ್ಣಿಗೆ ಬೀಳುವುದು ಸುತ್ತೋಲೆಗಳು. ಓದು ಮುಗಿಸಿ ಊರೂರಿಗೆ ಚದುರಿದ ಹುಡುಗರಿಗೆಲ್ಲ ಸೆಮಿನರಿಯಿಂದ ಪತ್ರ ಹೋಗುತ್ತಿತ್ತು. ಯಾರು ಎಲ್ಲಿದ್ದಾರೆ, ಯಾರು ಸೆರೆಯಾದರು, ಈ ವಾರ ಯಾವ ವಾಕ್ಯವನ್ನು ಧ್ಯಾನಿಸಬೇಕು. ಬೀಗ ಬಿದ್ದ ಮೇಲೂ, ಹುಡುಗರನ್ನು ಯುದ್ಧಕ್ಕೆ ಎಳೆದೊಯ್ದ ಮೇಲೂ ಅವನು ಬರೆಯುವುದನ್ನು ಬಿಡಲಿಲ್ಲ. ವ್ಯಾಟಿಕನ್ ಕೂಡ 2016ರಲ್ಲಿ ಹೊರಡಿಸಿದ ಗುರುತರಬೇತಿಯ ಮಾರ್ಗಸೂಚಿಯಲ್ಲಿ, ದೀಕ್ಷೆಯ ಬಳಿಕದ ಮೊದಲ ವರ್ಷಗಳಲ್ಲಿ ಹೊಸ ಗುರುವಿನ ಜೊತೆ ಅನುಭವಿಗಳು ಇರಬೇಕು, ತರಬೇತಿ ಎಂದಿಗೂ ಮುಗಿಯುವುದಿಲ್ಲ ಎಂದು ಹೇಳಿದೆ. ಕಾಗದದ ಮೇಲೆ ಎಲ್ಲರಿಗೂ ಗೊತ್ತಿರುವ ಸತ್ಯವೇ. ನಾನು ಕಂಡ ಮಟ್ಟಿಗೆ ನಮ್ಮಲ್ಲಿ ಇದು ವರ್ಷಕ್ಕೊಂದು ‘ರಿಟ್ರೀಟ್’ ಆಗಿ, ಬೆಳಿಗ್ಗೆ ಎರಡು ಉಪನ್ಯಾಸ, ಮಧ್ಯಾಹ್ನ ಬಿರಿಯಾನಿ, ಸಂಜೆ ಪ್ರಯಾಣಭತ್ಯೆಯ ಫಾರ್ಮಿನಲ್ಲಿ ಮುಗಿಯುತ್ತದೆ.

ಒಂದು ಸಸಿ ಮಾತ್ರ ತನ್ನನ್ನು ನೆಟ್ಟ ಗದ್ದೆಯನ್ನೇ ಇನ್ನೊಂದು ಸೆಮಿನರಿ ಮಾಡಿಕೊಂಡಿತು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಓದಿ ಪಾದ್ರಿಯಾದವರು. ಹೂವಿನಹಡಗಲಿಯ ಸೀಮೆಯಲ್ಲಿ ಹಳ್ಳಿ ತಿರುಗುತ್ತ, ತಾವು ಹೇಳಲು ಹೋದದ್ದಕ್ಕಿಂತ ಹೆಚ್ಚನ್ನು ಕೇಳಿಸಿಕೊಂಡು ಬಂದರು. ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಒಬ್ಬ ಪಾದ್ರಿ ಅಧ್ಯಕ್ಷರಾದದ್ದು ಹೀಗೆ. ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಅವರನ್ನು ಕರೆಯಿತು. ಎಲ್ಲರೂ ಉತ್ತಂಗಿಯವರಾಗಲಿ ಎಂದು ಬಯಸುವಷ್ಟು ಹುಚ್ಚು ನನಗಿಲ್ಲ. ಆದರೆ ಹುಡುಗ ಹೊರಟಾಗ ಆ ನಾಲ್ಕು ಪೆಟ್ಟಿಗೆಗಳಲ್ಲಿ ಸರ್ವಜ್ಞನ ಒಂದು ಪ್ರತಿ ಇರುವಂತೆ ನೋಡಿಕೊಂಡೆ. ಅವನ ಪ್ರಸಂಗದ ಕನ್ನಡ ಇನ್ನೂ ಅನುವಾದದ ವಾಸನೆ ಹೊಡೆಯುತ್ತದೆ, ಅದು ಬೇರೆ ಮಾತು.

ಹತ್ತನೆಯ ತರಗತಿಯಲ್ಲಿದ್ದಾಗ ನಾನು ಅಪ್ಪನನ್ನು ಕೇಳಿದ್ದೆ, ‘ನಾನೂ ಬಲ್ಮಠಕ್ಕೆ ಹೋಗಲೇ?’ ಎಂದು. ಅವರು ಬೆಂಕಿಪೆಟ್ಟಿಗೆ ಹುಡುಕಲು ಒಳಗೆ ಹೋದರು. ಅವರು ಬೀಡಿ ಸೇದುತ್ತಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ, ಕನ್ನಡ ಎಂ.ಎ. ಮಾಡಿದೆ. 2013ರಲ್ಲಿ ನಮ್ಮ ಸಭೆ ಎಗ್ಗೋಣಿ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪರನ್ನಾಗಿ ಮಾಡಿದ ಸುದ್ದಿ ಓದಿದ ದಿನ ಅಪ್ಪ ಆ ಪತ್ರಿಕೆಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ಅದರ ಬಗ್ಗೆಯೂ ನಾವು ಮಾತನಾಡಲಿಲ್ಲ.

ಕಳೆದ ಗುರುವಾರ ರಾತ್ರಿ ಹತ್ತೂವರೆಗೆ ಹುಡುಗನೇ ಫೋನ್ ಮಾಡಿದ. ಅಂದು ಸಂಜೆ ಅವನ ಸಭೆಯಲ್ಲಿ ಒಂದು ಮಣ್ಣು. ಇಪ್ಪತ್ತಾರು ವರ್ಷದವನು, ಬೈಕ್ ಅಪಘಾತ. ಅಷ್ಟು ಹೇಳಿ ಸುಮ್ಮನಾದ. ನನ್ನ ನಾಲಿಗೆಯ ತುದಿಗೆ ನಾಲ್ಕು ವಾಕ್ಯಗಳು ಬಂದಿದ್ದವು, ಎಲ್ಲವೂ ಬೈಬಲಿನವು. ಕೆಂಪು ಶಾಯಿ ನೆನಪಾಯಿತು.

‘ಊಟ ಮಾಡಿದೆಯೇನೋ?’ ಎಂದೆ.

‘ಅನ್ನ ಇದೆ. ಸೇರುವುದಿಲ್ಲ ಚಿಕ್ಕಮ್ಮ, ಇಲ್ಲಿಯದು ಬಿಳಿ ಅಕ್ಕಿ.’ ಆಮೇಲೆ ಅಕ್ಕಿಯ ಬಗ್ಗೆ, ನೀರಿನ ಬಗ್ಗೆ, ಸತ್ತ ಹುಡುಗನ ತಾಯಿ ತನ್ನ ಕೈ ಬಿಡದೆ ಹಿಡಿದುಕೊಂಡದ್ದರ ಬಗ್ಗೆ, ಒಂದು ಗಂಟೆಯ ಮೇಲೆ ಮಾತನಾಡಿದ. ನಡುವೆ ಅತ್ತ. ನಾನು ಹೂಂಗುಟ್ಟುತ್ತ ಇದ್ದೆ.

ಫೋನ್ ಇಡುವ ಮುಂಚೆ ಕೇಳಿದೆ, ‘ನಿಮ್ಮ ಸುಗ್ಗಿ ಹಬ್ಬ ಯಾವಾಗ?’

ಸಂಕ್ರಾಂತಿಯ ಮುಂದಿನ ಭಾನುವಾರವಂತೆ. ಪ್ರಸಂಗಕ್ಕೆ ತನ್ನ ತರಗತಿಯ ಒಬ್ಬಾಕೆಯನ್ನು ಕರೆದಿದ್ದಾನಂತೆ. ಅವಳಿಗೂ ದೀಕ್ಷೆಯಾಗಿ ಇನ್ನೂರು ಕಿಲೋಮೀಟರ್ ದೂರದ ಒಂದು ಊರಿನಲ್ಲಿ ಒಬ್ಬಳೇ ಇದ್ದಾಳೆ. ಹೆಣ್ಣು ಪಾದ್ರಿ ಎಂದು ಕಮಿಟಿಯ ಇಬ್ಬರು ಹಿರಿಯರು ಮುಖ ಗಂಟು ಹಾಕಿದರಂತೆ. ‘ಶನಿವಾರ ರಾತ್ರಿಯ ಬಸ್ಸಿಗೆ ಬರುತ್ತಾಳೆ. ಮನೆಯಲ್ಲಿ ನಾನೊಬ್ಬನೇ, ಅವಳು ಇಳಿದುಕೊಳ್ಳುವುದು ಕಷ್ಟ. ನೀವೂ ಬಂದುಬಿಡಿ ಚಿಕ್ಕಮ್ಮ, ಎರಡು ದಿನ ಇರಿ.’

ಆಗಲಿ ಎಂದೆ.

‘ಬರುವಾಗ ಐದು ಕಿಲೋ ಕುಚ್ಚಲಕ್ಕಿ ತನ್ನಿ’ ಎಂದ. ‘ಅವಳೂ ನಮ್ಮ ಕಡೆಯವಳೇ. ಹತ್ತು ಕಿಲೋ ಆದರೆ ಒಳ್ಳೆಯದು.’